ಇಂಗ್ಲೆಂಡಿನ ಸನ್ಯಾಸಿಗಳ ಮೇಲೆ ಅತ್ತೆಯ ಸಿಟ್ಟು

ಆರುನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಸತ್ತುಹೋದವರ ಮೇಲೆ ನನ್ನ ಸೋದರತ್ತೆಗೆ ಇರುವಷ್ಟು ಸಿಟ್ಟು, ನಮ್ಮೂರು ಬೆಳಂಬಾರದಲ್ಲಿ ಬದುಕಿರುವ ಯಾರ ಮೇಲೂ ಇಲ್ಲ. ಮಾವನ ಮೇಲೂ ಇಲ್ಲ ಅಂದರೆ ನೀವೇ ಊಹಿಸಿ!

ಅಂಕೋಲೆಯ ಅಂಚೆ ಕಚೇರಿಯಿಂದ ನಿವೃತ್ತಳಾದ ಮರುವಾರವೇ ಅತ್ತೆ ದೂರಶಿಕ್ಷಣದಲ್ಲಿ ಇಂಗ್ಲಿಷ್ ಎಂ.ಎ.ಗೆ ಸೇರಿದಳು. ಹುಡುಗಿಯಾಗಿದ್ದಾಗಿನ ಆಸೆಯಂತೆ. ಉಳಿದ ಪೇಪರುಗಳೆಲ್ಲ ಸಲೀಸಾಗಿ ಮುಗಿದವು. ಮಧ್ಯಯುಗದ ಸಾಹಿತ್ಯ ಮಾತ್ರ ಎರಡು ಸಲ ಕೈಕೊಟ್ಟಿತು. ಮೂರನೆಯದೇ ಕೊನೆಯ ಅವಕಾಶ. ಅದೂ ಹೋದರೆ ಪಾಸಾದ ಪೇಪರುಗಳೂ ನೀರುಪಾಲು. ನಾವೆಲ್ಲ ನಗುತ್ತಿದ್ದೆವು, ಅವಳು ನಗುತ್ತಿರಲಿಲ್ಲ.

ಆ ಕಾಲದವರು ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದರಂತೆ. ಸರಿ, ಅತ್ತೆಯೂ ಶುರು ಮಾಡಿದಳು! ಒಮ್ಮೆ ಕಾರವಾರದ ಬಸ್ಸಿನಲ್ಲಿ ಅವಳ ಓದು ಕೇಳಿ ಕಂಡಕ್ಟರ್ ಓಡಿ ಬಂದ.

"ಅಮ್ಮಾ, ಯಾರಿಗೆ ಬೈತಾ ಇದ್ರಿ? ಚಿಲ್ಲರೆ ಕೊಟ್ಟೆ ಅಲ್ದಾ?"

"ಬೈಯೂದಲ್ಲ ಮಾರಾಯಾ, ಕಾವ್ಯ!"

"ಹಂಗಾರೆ ಸಣ್ಣಕೆ ಓದಿ. ಡ್ರೈವರ್ ಹೆದರ್ಕಂಡು ಎರಡು ಸಲ ಬ್ರೇಕ್ ಹಾಕ್ದ."

ನಿಜವಾದ ಅನಾಹುತ ಆದದ್ದು ಉಪವಾಸದ ಅಧ್ಯಾಯದಲ್ಲಿ. ಆ ಕಾಲದ ಸನ್ಯಾಸಿಗಳು ಉಪವಾಸದ ದಿನ ಮಾಂಸ ಬಿಟ್ಟು ಮೀನು ತಿನ್ನುತ್ತಿದ್ದರು ಎಂದು ಪುಸ್ತಕದಲ್ಲಿತ್ತು. ಸೋಮವಾರ ಮೀನಿನ ಬುಟ್ಟಿ ಕಂಡರೇ ಮುಖ ತಿರುಗಿಸುವ ಅತ್ತೆ ಕೆಂಡವಾದಳು. ಮಾವನೋ, ಪ್ರತಿ ಸೋಮವಾರ ಬರೀ ಸಾರು ಅನ್ನ ಉಂಡು ಸೊರಗಿದ ಜೀವ! ಕುಣಿದಾಡಿಬಿಟ್ಟ.

"ನೋಡು, ಎಂಥಾ ಬುದ್ಧಿವಂತ ಜನ! ನಾಳೆ ಸೋಮವಾರ, ಬಂಗಡೆ ತರ್ಲಾ?"

"ತನ್ನಿ! ಅಂಗಳದಲ್ಲಿ ಮೂರು ಕಲ್ಲು ಇಟ್ಕಂಡು ನೀವೇ ಬೇಯಿಸ್ಕಳಿ. ಮೀನು ತಿಂದ್ಮೇಲೆ ಅದು ಉಪವಾಸ ಹೆಂಗಾಗ್ತದೆ?"

ಪರೀಕ್ಷೆಯವರೆಗೂ ದಿನಾ ಇದೇ ವಾದ. ಸನ್ಯಾಸಿಗಳ ಕಡೆಯ ವಕೀಲ ಮಾವ.

ಪರೀಕ್ಷೆಗೆ ಅವಳನ್ನು ಕಾರವಾರಕ್ಕೆ ಕರೆದುಕೊಂಡು ಹೋದವಳು ನಾನು. ಅತ್ತೆ ಕೋಣೆಯೊಳಗೆ ಕಾಲಿಟ್ಟದ್ದೇ ತಡ, ಹುಡುಗ ಹುಡುಗಿಯರೆಲ್ಲ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದರು! ಮೂರು ಗಂಟೆಯ ನಂತರ ಯುದ್ಧ ಗೆದ್ದವಳ ಹಾಗೆ ಹೊರಗೆ ಬಂದಳು.

"ಉಪವಾಸದ ಪ್ರಶ್ನೆ ಬಂದಿತ್ತು ಮಾರಾಯ್ತಿ! ಆ ಸನ್ಯಾಸಿಗಳ ಜನ್ಮ ಜಾಲಾಡಿಬಿಟ್ಟೆ. ಹದಿನೆಂಟು ಪುಟ!"

"ಉಳಿದ ಪ್ರಶ್ನೆ?"

ಅತ್ತೆ ಅಲ್ಲೇ ನಿಂತಳು. "ಅಯ್ಯೋ ದೇವ್ರೇ, ಅದಕ್ಕೆ ಹೊತ್ತೇ ಇರ್ಲಿಲ್ಲ."

ನಪಾಸು. ಸುದ್ದಿ ತಿಳಿದು ಸಮಾಧಾನ ಮಾಡಲು ಹೋದರೆ, ಅತ್ತೆ ಜಗಲಿಯಲ್ಲಿ ಕೂತು ಪುಸ್ತಕಗಳನ್ನು ಹಗ್ಗದಿಂದ ಕಟ್ಟುತ್ತಿದ್ದಳು. ನಕ್ಕಿದ್ದಕ್ಕೆಲ್ಲ ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಅಷ್ಟರಲ್ಲಿ ಮಾವ ಕಾರವಾರದಿಂದ ಬೆವರುತ್ತ ಬಂದು ಅವಳ ಮುಂದೆ ಒಂದು ಕಾಗದ ಹಿಡಿದ. ಎಂ.ಎ. ಮೊದಲ ವರ್ಷದ ಹೊಸ ಅರ್ಜಿ. ಹೆಸರು, ವಿಳಾಸ, ಹುಟ್ಟಿದ ದಿನ, ಎಲ್ಲ ಅವನದೇ ಅಕ್ಷರ. ಅವಳ ಫೋಟೋವನ್ನೂ ಅಂಟಿಸಿದ್ದ.

"ದಿನಾ ವಾದ ಮಾಡಿ ನಿನ್ನ ತಲೆ ಕೆಡಿಸ್ದವ ನಾನೇ," ಅಂದ, ಅವಳ ಮುಖ ನೋಡದೆ. "ಸಹಿ ಮಾಡು. ಈ ಸಲ ನೀ ಬರ್ದು ಕಲಿವಾಗ ನಾ ಗಡಿಯಾರ ಹಿಡ್ಕಂಡು ಎದುರು ಕೂತ್ಕಳ್ತೆ."

ಅತ್ತೆ ಪೆನ್ನು ತೆಗೆದುಕೊಂಡಳು. ಕಟ್ಟಿದ ಪುಸ್ತಕಗಳ ಮೇಲೇ ಕಾಗದ ಇಟ್ಟಳು. ಸಹಿ ಮುಗಿಯುವವರೆಗೂ ಮಾವ ಆ ಕಾಗದವನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದ.