ಗೋಡೆಯೊಳಗೆ ಹೋದ ಆಟ

ಅಷ್ಟೂ ಅನಾಹುತಕ್ಕೆ ಮೂಲ ಒಂದು ಪಿನ್ನು. ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯ ವೈರಿನ ತುದಿಯಲ್ಲಿ ದಪ್ಪಗೆ, ಗುಂಡಗೆ, ನಡುವೆ ಒಂದು ಸೂಜಿ ಇಟ್ಟುಕೊಂಡು ಕೂತಿದ್ದ ಪಿನ್ನು. ಹೊಸ ಟಿವಿಯ ಹಿಂದಿನ ತೂತುಗಳೋ, ಮುಟ್ಟಿ ನೋಡಿದರೆ ಎಲ್ಲವೂ ಚಪ್ಪಟೆ. ರಜೆಯ ದಿನ ಹಾಯಾಗಿ ಮಲಗುವುದು ಬಿಟ್ಟು ಕನ್ನಡಕದವನು ಬೆಳಗಿನಿಂದ ಟಿವಿಯ ಬೆನ್ನಿಗೆ ಕೈ ತೂರಿಸಿಕೊಂಡು ನಿಂತಿದ್ದ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಊರವರ ಕಣ್ಣೆಲ್ಲ ಸರಿಮಾಡುವ ಈ ಮಹಾಶಯನಿಗೆ ತನ್ನ ಮನೆಯ ಟಿವಿಯ ಹಿಂದುಗಡೆ ಮಾತ್ರ ಕಾಣುತ್ತಿರಲಿಲ್ಲ. ಅದು ಗೋಡೆಗೆ ಹಲ್ಲಿಯಂತೆ ಅಂಟಿಕೊಂಡಿತ್ತು. ಕಿಟಕಿಯಾಚೆ ಬೆಳಗಿನಿಂದಲೂ ಮಂಜು. ಎದುರಿನ ಕಟ್ಟಡವೇ ಮಾಯವಾಗಿ, ಹಗಲಲ್ಲೂ ದೀಪ ಹಾಕಬೇಕಾಗಿತ್ತು.

"ರೀ, ಟಿವಿ ಹೊಸದು. ಅದಕ್ಕೇನಾದ್ರೂ ಆದ್ರೆ ನಾನು ಸುಮ್ನಿರಲ್ಲ," ಎಂದಳು ಹೆಂಡತಿ.

"ಏನೂ ಆಗಲ್ಲ ಕಣೇ. ಒಂದೇ ಒಂದು ಆಟ. ಗೆದ್ದ ತಕ್ಷಣ ಬಿಚ್ಚಿಡ್ತೀನಿ."

"ಗೆದ್ದ ತಕ್ಷಣ ಅಂದ್ರೆ? ಗೆಲ್ತೀರಿ ಅಂತ ಗ್ಯಾರಂಟಿನಾ?"

ಗ್ಯಾರಂಟಿಯೇ. ಅದೇ ಇಲ್ಲಿನ ಗುಟ್ಟು. ಪೆಟ್ಟಿಗೆ ಅವನ ಅಣ್ಣನದು. ಅಣ್ಣ ತೀರಿಕೊಂಡು ವರ್ಷ ಕಳೆದಿತ್ತು. ಮನೆ ಖಾಲಿ ಮಾಡುವಾಗ ಅತ್ತಿಗೆ, "ಇದು ನಿಮ್ಮಿಬ್ರದ್ದು, ನೀನೇ ಇಟ್ಕೋ," ಎಂದು ಕೊಟ್ಟು ಕಳಿಸಿದ್ದಳು. ಅದರಲ್ಲಿದ್ದದ್ದು ಒಂದೇ ಆಟ. ಕೆಂಪು ಅಂಗಿಯವನೊಬ್ಬ, ನೀಲಿ ಅಂಗಿಯವನೊಬ್ಬ. ಕತ್ತಲೆ ಕೋಟೆಯೊಳಗೆ ಗುಂಡಿಗಳನ್ನು ಹಾರಿ, ಮೆಟ್ಟಿಲು ಹತ್ತಿ, ತುದಿಯ ಬಾವುಟವನ್ನು ಮೊದಲು ಕಿತ್ತುಕೊಂಡವನು ಗೆದ್ದ. ನೀಲಿ ಯಾವಾಗಲೂ ಅಣ್ಣನದು, ಕೆಂಪು ಇವನದು. ಚಡ್ಡಿ ಹಾಕುವ ಕಾಲದಿಂದ ಮೀಸೆ ನರೆಯುವ ಕಾಲದವರೆಗೆ ಆಡಿ ಇವನು ಒಂದೇ ಒಂದು ಸಲವೂ ಗೆದ್ದಿರಲಿಲ್ಲ. ಆಸ್ಪತ್ರೆಗೆ ಸೇರುವ ಹಿಂದಿನ ವಾರವೂ ಅಣ್ಣ ಇವನನ್ನು ಸೋಲಿಸಿ, "ಬಿಡೋ, ಈ ಜನ್ಮದಲ್ಲಿ ನಿನ್ನ ಕೈಲಾಗಲ್ಲ," ಎಂದು ನಕ್ಕಿದ್ದ.

ಈಗ ಪೆಟ್ಟಿಗೆಯ ಜೊತೆ ಬಂದದ್ದು ಒಂದೇ ಜಾಯ್‌ಸ್ಟಿಕ್. ಎರಡನೆಯದಿಲ್ಲದಿದ್ದರೆ ನೀಲಿ ಅಂಗಿಯವನು ಕಂಬದ ಹಾಗೆ ನಿಂತೇ ಇರುತ್ತಾನೆ. ಕೆಂಪು ಅಂಗಿಯವನು ನಿಧಾನಕ್ಕೆ, ಎಡವಿ ಬಿದ್ದು ಎದ್ದಾದರೂ ಹೋಗಿ ಬಾವುಟ ಕೀಳಬಹುದು. ಅದು ಗೆಲುವಲ್ಲ ಅಂತ ಯಾರು ಬಂದು ಹೇಳುತ್ತಾರೆ? ಅಣ್ಣನಂತೂ ಹೇಳಲಾರ. ಯೋಚನೆ ಹೀನಾಯವಾದದ್ದೆಂದು ಅವನಿಗೂ ಗೊತ್ತಿತ್ತು. ಆದರೂ ಆ ಒಂದು ಗೆಲುವು ಇಲ್ಲದೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಕೊನೆಗೆ ಗಿರಾಕಿಗಳು ಮುಖ ನೋಡಿಕೊಳ್ಳುವ ಕೈಗನ್ನಡಿಯೊಂದನ್ನು ಚೀಲದಿಂದ ತೆಗೆದು ಟಿವಿಯ ಹಿಂದೆ ಹಿಡಿದ. ಮೂಲೆಯಲ್ಲಿ ಒಂದು ಗುಂಡು ತೂತು ಕಂಡಿತು! ಆಂಟೆನಾ ತೂತು. ಕಟ್ಟಡದ ತಾರಸಿಯ ಮೇಲೆ ಎಲ್ಲರಿಗೂ ಸೇರಿ ಒಂದೇ ಆಂಟೆನಾ. ಅಲ್ಲಿಂದ ಗೋಡೆಯೊಳಗೇ ಹಾದು ಮನೆಮನೆಗೂ ವೈರು. ಪೆಟ್ಟಿಗೆಯ ಜೊತೆ, ಆಟದ ಚಿತ್ರವನ್ನು ಟಿವಿಗೆ ದಾಟಿಸುವ ಒಂದು ತಗಡಿನ ಡಬ್ಬಿಯೂ ಇತ್ತು. ಅದರ ಎಡಗಡೆಯ ವೈರು ಟಿವಿಗೆ, ಬಲಗಡೆಯದು ಗೋಡೆಗೆ. ಇಷ್ಟೇ ವಿಷಯ. ಆದರೆ ದಿನವಿಡೀ ಕನ್ನಡಿಯಲ್ಲಿ ಗಿರಾಕಿಯ ಮುಖ ನೋಡಿ, ಕಾಣುವ ಎಡವನ್ನು ಬಲವೆಂದು ತಿದ್ದಿಕೊಂಡೇ ಫ್ರೇಮು ಬಗ್ಗಿಸುವವನು ಅವನು. ಡಬ್ಬಿಯನ್ನು ಕಣ್ಣಾರೆ ನೋಡಿದರೂ ಕೈ ಅಭ್ಯಾಸಬಲದಿಂದ ತಿದ್ದಿಕೊಂಡಿತು. ಟಿವಿಯ ವೈರು ಗೋಡೆಗೆ ಹೋಯಿತು, ಗೋಡೆಯದು ಟಿವಿಗೆ ಬಂತು.

ಸ್ವಿಚ್ ಹಾಕಿದ. ಟಿವಿ ಕಪ್ಪಗೆ ಕಣ್ಣು ಬಿಟ್ಟು, "ಸಿಗ್ನಲ್ ಇಲ್ಲ," ಎಂದಿತು. ಬಟನ್ ಒತ್ತಿದ. ಸಿಗ್ನಲ್ ಇಲ್ಲ. ಜಾಯ್‌ಸ್ಟಿಕ್ಕನ್ನು ಬಲಕ್ಕೆ ತಿರುಗಿಸಿ, ಎಲ್ಲ ಬಟನ್ನುಗಳನ್ನೂ ಬಡಿದ.

ಕೆಳಗಿನ ಮನೆಯಿಂದ ಒಂದು ಚೀರಾಟ ಕೇಳಿಸಿತು.

ಕೆಳಗೆ ಇದ್ದದ್ದು ಟೀಚರಮ್ಮ. ನಿವೃತ್ತಿಯಾದ ಮೇಲೂ ಇಡೀ ಕಟ್ಟಡವನ್ನೇ ಕ್ಲಾಸ್‌ರೂಮ್ ಎಂದು ತಿಳಿದಿದ್ದ ಆಕೆ, ಒಂದು ಕಾಲಿಗಷ್ಟೇ ಚಪ್ಪಲಿ ಮೆಟ್ಟಿಕೊಂಡು ಏದುಸಿರು ಬಿಡುತ್ತ ಬಾಗಿಲಿಗೆ ಬಂದರು.

"ಏನಪ್ಪಾ, ನನ್ನ ಟಿವೀಲಿ ಯಾರೋ ಇದಾರೆ!"

"ಟಿವೀಲಿ ಯಾರಾದ್ರೂ ಇರ್ತಾರಲ್ಲ ಟೀಚರಮ್ಮ."

"ತಲೆಹರಟೆ ಬೇಡ! ವಾರ್ತೆ ಓದ್ತಿದ್ದವಳು ಮಾಯ ಆಗ್ಬಿಟ್ಳು. ಪೂರ್ತಿ ಕತ್ತಲೆ. ಕತ್ತಲೇಲಿ ಒಬ್ಬ ನಡೀತಿದಾನೆ. ಮುಖಾನೇ ಇಲ್ಲ ಅವನಿಗೆ! ಸೀದಾ ಹೋಗಿ ಒಂದು ಗುಂಡೀಲಿ ಬಿದ್ದ."

ಕನ್ನಡಕದವನು ಆಕೆಯ ಜೊತೆ ಕೆಳಗೆ ಹೋದ. ಟೀಚರಮ್ಮ ಅಷ್ಟರಲ್ಲೇ ಟಿವಿಗೆ ಬಿಳಿ ಬೆಡ್‌ಶೀಟು ಹೊದಿಸಿದ್ದರು. ಬಟ್ಟೆಯೊಳಗಿಂದ ಮಂಕು ಬೆಳಕು ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತಿತ್ತು. ಕೋಣೆಯಲ್ಲಿ ಹೆಣ ಮಲಗಿಸಿದ ಮನೆಯ ಮೌನ.

"ಬಟ್ಟೆ ತೆಗೆದು ನೋಡ್ಲಾ?"

"ಮುಟ್ಟಬೇಡ! ಹೊರಗೆ ಬಂದ್ಬಿಟ್ರೆ ನೀನು ಸಾಕ್ತೀಯಾ?"

ಅವನು ಮುಟ್ಟಲಿಲ್ಲ. ನಿಜ ಹೇಳಬೇಕೆಂದರೆ, ಬೇಡ ಅಂದದ್ದು ಒಳ್ಳೆಯದೇ ಆಯಿತು ಅನ್ನಿಸಿತು. ಮೇಲೆ ಬಂದು ಮತ್ತೆ ಜಾಯ್‌ಸ್ಟಿಕ್ ಹಿಡಿದು ಕೂತ. ಸಿಗ್ನಲ್ ಇಲ್ಲ. ಹಾಳಾಗಿ ಹೋಗಲಿ ಎಂದು ಕೋಪದಲ್ಲಿ ಒತ್ತಿದ್ದೇ ಒತ್ತಿದ್ದು. ಈ ಸಲ ಮೇಲಿನ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಮರುಗಳಿಗೆಯಲ್ಲಿ ಬೇಕರಿಯವನು ಲುಂಗಿ ಬಿಗಿದುಕೊಳ್ಳುತ್ತ ಇಳಿದು ಬಂದ. ಬೆಳಗಿನ ಜಾವದವರೆಗೆ ಒಲೆಯ ಮುಂದೆ ಬೇಯುವ ಮನುಷ್ಯ, ಹಗಲು ಹೊತ್ತು ಕುಂಭಕರ್ಣ. ಅವನೇ ಎದ್ದು ಬಂದಿದ್ದಾನೆಂದರೆ ವಿಷಯ ಗಂಭೀರವೇ.

"ಕನ್ನಡಕದವ್ರೇ, ನಿಮ್ಮ ಟಿವಿ ಸರಿ ಇದೆಯಾ?"

"ನಮ್ಮದ್ರಲ್ಲಿ ಏನೂ ಬರ್ತಾನೇ ಇಲ್ಲ."

"ಪುಣ್ಯವಂತರು! ನಮ್ಮದ್ರಲ್ಲಿ ಒಬ್ಬ ಸಾಯ್ತಾನೆ. ಎದ್ದು ಬರ್ತಾನೆ. ಮತ್ತೆ ಅದೇ ಜಾಗದಲ್ಲಿ ಹೋಗಿ ಸಾಯ್ತಾನೆ. ನನ್ನ ಹೆಂಡ್ತಿ ಮಾತ್ರ ಎದ್ದು ಬರಲ್ಲ ಅಂತ ಕೂತಿದಾಳೆ. ಪಾಪ ಅವನಿಗೆ ಏನಾಗುತ್ತೋ ನೋಡ್ಬೇಕಂತೆ."

ಓದುತ್ತಿರುವ ನಿಮಗೆ ಇಷ್ಟರಲ್ಲೇ ಎಲ್ಲ ಹೊಳೆದಿರುತ್ತದೆ. ಅವನಿಗೆ ಹೊಳೆಯಲಿಲ್ಲ. ಸತ್ತವನು ಎದ್ದು ಬರುತ್ತಾನೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನಿಗೆ ಅಣ್ಣ ನೆನಪಾದ. ಅಣ್ಣನ ವಸ್ತುವನ್ನು ಕೆಟ್ಟ ಮನಸ್ಸಿನಿಂದ ಮುಟ್ಟಿದ್ದಕ್ಕೆ ಹೀಗಾಯಿತೇ? ಕಪ್ಪು ಗಾಜಿನಲ್ಲಿ ತನ್ನದೇ ಮುಖ ಕಂಡು ಬೆಚ್ಚಿದ. ಜಾಯ್‌ಸ್ಟಿಕ್ಕನ್ನು ಕೆಳಗಿಡಲು ನೋಡಿದ, ಬೆರಳುಗಳು ಬಿಡಲಿಲ್ಲ.

ಅಷ್ಟರಲ್ಲಿ ಟೀಚರಮ್ಮ ಮತ್ತೆ ಮೇಲೆ ಬಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟಿದ್ದರು. "ಕಟ್ಟಡದಲ್ಲಿ ದೆವ್ವ ಬರದ ಟಿವಿ ಇದೊಂದೇ. ನಾನಂತೂ ಇಲ್ಲಿಂದ ಕದಲಲ್ಲ." ಬೇಕರಿಯವನೂ ಸೋಫಾದ ಇನ್ನೊಂದು ತುದಿ ಹಿಡಿದ. ಹೆಂಡತಿ ಚಹಾ ಮಾಡಲು ಎದ್ದಳು. ದೆವ್ವ ಬಂದರೂ ನೆಂಟರಂತೆ ಬಂದವರಿಗೆ ಚಹಾ ತಪ್ಪುವುದಿಲ್ಲವಲ್ಲ. ಇಬ್ಬರ ನಡುವೆ ಕೂತು, ಯಾರಿಗೂ ಕಾಣದಂತೆ ದಿಂಬಿನ ಕೆಳಗೆ ಜಾಯ್‌ಸ್ಟಿಕ್ ಹಿಡಿದು, ಕನ್ನಡಕದವನು ಭಯಕ್ಕೋ ಅಭ್ಯಾಸಕ್ಕೋ ಬಟನ್ ಒತ್ತುತ್ತಲೇ ಇದ್ದ.

ಬೇಕರಿಯವನ ಫೋನು ಬಡಿದುಕೊಂಡಿತು. ಮೇಲಿನಿಂದ ಹೆಂಡತಿ. ಅವನು ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ರೀ, ಈಗ ಓಡ್ತಿದಾನೆ!" ಎಂದಳು ಬೇಕರಿಯವನ ಹೆಂಡತಿ. "ಹಾರಿದ! ಅಯ್ಯೋ, ಮತ್ತೆ ಬಿದ್ದ ಕಣ್ರೀ! ಎಂಥ ದಡ್ಡ ದೆವ್ವ ಇದು, ಎದುರಿಗೆ ಗುಂಡಿ ಇದ್ರೂ ಕಾಣಲ್ಲ!"

ಚಹಾ ತಂದ ಹೆಂಡತಿ ತಟ್ಟೆ ಹಿಡಿದು ಹಾಗೇ ನಿಂತಳು. ಗಂಡನ ದಿಂಬು ಅಲುಗಿದಾಗಲೆಲ್ಲ ಫೋನಿನಲ್ಲಿ, "ಹಾರಿದ!" ಎಂದು ಕೇಳುತ್ತಿತ್ತು.

"ರೀ, ಆ ಬಟನ್ ಒಂದ್ಸಲ ಒತ್ತಿ."

ಒತ್ತಿದ. "ಹಾರಿದ!"

"ಬಿಡಿ."

"ನಿಂತ್ಕೊಂಡ," ಎಂದಿತು ಫೋನು.

ಹೆಂಡತಿ ತಟ್ಟೆ ಕೆಳಗಿಟ್ಟಳು. "ದೆವ್ವ ಇಲ್ಲೇ ಕೂತಿದೆ ನೋಡಿ, ಬನಿಯನ್ ಹಾಕ್ಕೊಂಡು."

ಆಮೇಲೆ ನಡೆದ ಮಂಗಳಾರತಿಯನ್ನು ಪೂರ್ತಿ ಹೇಳಿ ಪ್ರಯೋಜನವಿಲ್ಲ. ಟೀಚರಮ್ಮ ಅವನನ್ನು ಮೂರನೇ ಕ್ಲಾಸಿನ ಹುಡುಗನಂತೆ ನಿಲ್ಲಿಸಿ ಬೈದರು. ಬೇಕರಿಯವನು ತನ್ನ ನಿದ್ದೆಯ ಲೆಕ್ಕ ಒಪ್ಪಿಸಿದ. ಬೇರೆ ದಾರಿ ಕಾಣದೆ ಕನ್ನಡಕದವನು ಅಣ್ಣನ ಕತೆ, ಕೆಂಪು-ನೀಲಿಯ ಕತೆ, ಒಂದೇ ಒಂದು ಗೆಲುವಿನ ಕತೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿದ. ಬೇಕರಿಯವನಿಗೆ ನಗು ತಡೆಯಲಾಗಲಿಲ್ಲ.

"ಸುಮ್ನೆ ನಿಂತಿರೋನ ಮೇಲೆ ಗೆಲ್ಲೋದಾ! ಹೋಗ್ಲಿ, ಗೆದ್ರಾ? ಕೇಳೇಬಿಡೋಣ. ಏನೇ, ಆ ಕೆಂಪು ಅಂಗಿಯವನು ಒಂದ್ಸಲನಾದ್ರೂ ಬಾವುಟ ತಗೊಂಡ್ನಾ?"

"ಕೆಂಪಿನವನೆಲ್ಲಿ ತಗೊಂಡ!" ಎಂದಳು ಇನ್ನೂ ಫೋನಿನಲ್ಲೇ ಇದ್ದ ಅವಳು. "ಪ್ರತಿ ಸಲ ತಗೊಂಡಿದ್ದು ನೀಲಿಯವನು."

ಚಹಾದ ಲೋಟಗಳು ಅಲ್ಲಲ್ಲೇ ನಿಂತವು.

"ನೀಲಿಯವನು ಅಲ್ಲಾಡಲ್ಲಮ್ಮ," ಎಂದ ಕನ್ನಡಕದವನು. ಅವನ ದನಿ ಅವನಿಗೇ ದೂರದಿಂದ ಬಂದಂತಿತ್ತು. "ಅವನನ್ನ ಆಡಿಸೋಕೆ ಇಲ್ಲಿ ಯಾರೂ ಇಲ್ಲ."

"ಅಲ್ಲಾಡಲ್ಲ, ನಿಂತಿರ್ತಾನೆ. ಈ ಕೆಂಪಿನವನು ಬಿದ್ದು ಎದ್ದು ಬರೋವರ್ಗೂ ನೋಡ್ತಾ ನಿಂತಿರ್ತಾನೆ. ಇವನು ಹೇಗೋ ಕೊನೇ ಮೆಟ್ಟಿಲ ಹತ್ರ ಬಂದ ಅಂದ್ಕೊಳ್ಳಿ, ಆಗ ಭರ್ರಂತ ಓಡಿಹೋಗಿ ಕಿತ್ಕೊಂಡ್ಬಿಡ್ತಾನೆ. ಆಮೇಲೆ ಮೇಲೆ ನಿಂತು ಎರಡು ಸಲ ಕುಣೀತಾನೆ ನೋಡಿ, ಮೈಯೆಲ್ಲ ಉರಿಯುತ್ತೆ!"

ಎರಡು ಸಲ. ಗೆದ್ದ ಮೇಲೆ ಎರಡು ಸಲ ಜಿಗಿಸಿ ತಮ್ಮನ ಹೊಟ್ಟೆ ಉರಿಸುವುದು ಜಗತ್ತಿನಲ್ಲಿ ಒಬ್ಬನೇ ಒಬ್ಬನ ಚಾಳಿ. ಆಟಕ್ಕೆ ಆ ಬುದ್ಧಿ ಇಲ್ಲ. ಅದು ಬರೀ ಪೆಟ್ಟಿಗೆ. ಹೊರಗಿನ ಮಂಜು ಕಿಟಕಿಗೆ ಇನ್ನಷ್ಟು ಹತ್ತಿರ ಬಂದಂತಿತ್ತು. ಬೇಕರಿಯವನು, "ಒಳಗೆ ಕಂಪ್ಯೂಟರ್ ಇರುತ್ತಲ್ಲ, ಅದೇ ಏನೋ," ಎಂದು ಗೊಣಗಿದ. ಅವನ ಲುಂಗಿಯ ಅಂಚು ನಡುಗುತ್ತಿತ್ತು.

ಕನ್ನಡಕದವನು ಎದ್ದು ಹೋಗಿ, ಕನ್ನಡಿಯ ಹಂಗಿಲ್ಲದೆ ಕೈಯಿಂದಲೇ ತಡವಿ, ವೈರುಗಳನ್ನು ಅದಲುಬದಲು ಮಾಡಿದ. ಟಿವಿ ಒಮ್ಮೆ ಮಿಟುಕಿತು. ಚಿತ್ರ ಬಂತು. ಹೊಸ ಟಿವಿಯ ಅಗಲಕ್ಕೆ ಹಿಗ್ಗಿ ಇಬ್ಬರೂ ಕುಳ್ಳಗೆ, ದಪ್ಪಗೆ ಆಗಿದ್ದರು. ಕತ್ತಲೆ ಕೋಟೆ. ಇತ್ತ ಕೆಂಪು, ಅತ್ತ ನೀಲಿ. ನೀಲಿ ಅಂಗಿಯವನು ಮುಖವಿಲ್ಲದ ಮುಖ ಹೊತ್ತು ಕಂಬದ ಹಾಗೆ ನಿಂತಿದ್ದ.

"ಆಡಿ," ಎಂದು ಹೆಂಡತಿ ಪಿಸುಗುಟ್ಟಿದಳು.

ಕಣ್ಣಿಗೆ ಕಂಡ ಮೇಲೆ ಆಟ ಸಲೀಸಾಯಿತು. ಮೊದಲ ಗುಂಡಿ ಹಾರಿದ. ನೀಲಿ ಅಲ್ಲಾಡಲಿಲ್ಲ. ಎರಡನೆಯದನ್ನೂ ಹಾರಿದ. ಮೆಟ್ಟಿಲು ಹತ್ತಿದ. ನೀಲಿ ನಿಂತೇ ಇದ್ದ. ಟೀಚರಮ್ಮ ಉಸಿರು ಬಿಗಿಹಿಡಿದಿದ್ದರು. ಕೊನೆಯ ಮೆಟ್ಟಿಲು ಬಂತು; ಬಾವುಟ ಕೈಯಳತೆಯಲ್ಲಿತ್ತು. ನೀಲಿ ಆಗಲೂ ಅಲ್ಲಾಡಲಿಲ್ಲ. ಹಾಗಾದರೆ ಎಲ್ಲ ಸುಳ್ಳು, ಮೇಲಿನಾಕೆಯ ಕಣ್ಣಿಗೇ ಕನ್ನಡಕ ಬೇಕು. ಇನ್ನೊಂದು ಸಲ ಬಟನ್ ಒತ್ತಿದರೆ ಬಾಳಿನ ಮೊದಲ ಗೆಲುವು.

ಒತ್ತಲಾಗಲಿಲ್ಲ ಅವನಿಗೆ. ಅಷ್ಟು ದೂರದಲ್ಲಿ, ಕತ್ತಲೆಯಲ್ಲಿ ಒಬ್ಬನೇ ನಿಂತವನನ್ನು ನೋಡಿ ಕರುಳು ಚುರ್ ಎಂದಿತು. ಇವನು ಬಾವುಟ ಕಿತ್ತರೆ ಆಟ ಮುಗಿಯುತ್ತದೆ. ಮುಗಿದ ಮೇಲೆ ಆ ಕಡೆ ಯಾರೂ ಇರುವುದಿಲ್ಲ. ನೀನು ಸುಮ್ಮನೆ ನಿಂತಿರುವಾಗ ಗೆದ್ದು ನಾನೇನು ಮಾಡಲಿ ಅಣ್ಣಾ ಎಂದುಕೊಂಡ. ಗಾಜು ಮಂಜಾಯಿತು. ಜಾಯ್‌ಸ್ಟಿಕ್ಕನ್ನು ತೊಡೆಯ ಮೇಲಿಟ್ಟು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ರೀ! ರೀ!" ಎಂದು ಹೆಂಡತಿ ಕೂಗಿದಳು.

ಅವನು ಕನ್ನಡಕ ಏರಿಸಿಕೊಳ್ಳುವಷ್ಟರಲ್ಲಿ ನೀಲಿ ಅಂಗಿಯವನು ಗುಂಡಿಗಳನ್ನೆಲ್ಲ ಹಾರಿ, ಮೆಟ್ಟಿಲುಗಳನ್ನು ಎರಡೆರಡಾಗಿ ಏರಿ, ಪಕ್ಕದಲ್ಲೇ ತೂರಿಹೋಗಿ ಬಾವುಟ ಕಿತ್ತುಕೊಂಡಿದ್ದ. ಕಿತ್ತುಕೊಂಡು, ಎಲ್ಲರ ಎದುರಿಗೇ ಎರಡು ಸಲ ಜಿಗಿದ. ಟೀಚರಮ್ಮ ಹೆದರಿಕೆಯನ್ನೂ ಮರೆತು ಚಪ್ಪಾಳೆ ತಟ್ಟಿದರು.

"ಮೋಸ!" ಕನ್ನಡಕದವನು ಟಿವಿಯ ಮುಂದೆ ಹೋಗಿ ನಿಂತು ಕೂಗಿದ. ಮೂಗಿನಲ್ಲಿ ನೀರು, ಕಣ್ಣಿನಲ್ಲಿ ನೀರು. "ನಾನು ಅಳ್ತಿದ್ದೆ ಕಣೋ! ಸತ್ತ ಮೇಲಾದ್ರೂ ಮರ್ಯಾದೆಯಾಗಿ ಆಡೋಕಾಗಲ್ವಾ ನಿಂಗೆ?"

ನೀಲಿ ಅಂಗಿಯವನು ತಿರುಗಿ ತನ್ನ ಜಾಗಕ್ಕೆ ಹೋಗಿ ನಿಂತುಕೊಂಡ. ಕನ್ನಡಕದವನು ಸೋಫಾದಲ್ಲಿ ಕುಕ್ಕರಿಸಿ, ತೋಳಿನಿಂದ ಮೂಗೊರೆಸಿಕೊಂಡು, ಮತ್ತೆ ಮೊದಲಿನಿಂದ ಶುರುಮಾಡಿದ.