ಶಿಕಾರಿಪುರ ತಾಲ್ಲೂಕಿನ ಸೌರಮಂಡಲ

ಗೊತ್ತಿಲ್ಲದ ವಿಷಯವನ್ನು ಪಾಠ ಮಾಡುವುದರಲ್ಲಿ ಒಂದು ಸುಖವಿದೆ. ಗೊತ್ತಿರುವವನಿಗೆ ನೂರೆಂಟು ಅನುಮಾನ. ಹೀಗೆ ಹೇಳಿದರೆ ತಪ್ಪಾದೀತೇ, ಹಾಗೆ ಹೇಳಿದರೆ ಅರ್ಧವಾದೀತೇ ಎಂದು ಒದ್ದಾಡುತ್ತಾನೆ. ಗೊತ್ತಿಲ್ಲದವನಿಗೆ ಆ ತಾಪತ್ರಯವಿಲ್ಲ. ಬೆಳಿಗ್ಗೆ ಓದಿದ್ದನ್ನು ಬಿಸಿ ಆರುವ ಮೊದಲೇ ಬಡಿಸಿ ಕೈ ತೊಳೆದುಕೊಳ್ಳುತ್ತಾನೆ. ಈ ಸುಖವನ್ನು ನಾನು ಪೂರ್ತಿ ಒಂದೂವರೆ ತಿಂಗಳು ಅನುಭವಿಸಿದ್ದೇನೆ. ರಷ್ಯಾದವರು ಆಕಾಶಕ್ಕೆ ಒಂದು ಲೋಹದ ಚೆಂಡನ್ನು ಹಾರಿಸಿದ್ದಾರೆ, ಅದು ಕೆಳಗೆ ಬೀಳದೆ ಭೂಮಿಯನ್ನು ಸುತ್ತುತ್ತಿದೆ ಎಂದು ಪೇಪರಿನಲ್ಲಿ ಬಂದ ಕಾಲ. ನಾನು ಆಗ ಶಿಕಾರಿಪುರದ ಒಂದು ಮಿಡ್ಲ್‌ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ವಿಜ್ಞಾನದ ಮೇಷ್ಟ್ರು ಕಾಮಾಲೆಯೆಂದು ರಜೆ ಹಾಕಿ ಊರಿಗೆ ಹೋದರು. ಹೆಡ್‌ಮಾಸ್ಟರು ನನ್ನನ್ನು ಕರೆದು, "ಪದ್ಯದಾಗ ಚಂದ್ರ, ನಕ್ಷತ್ರ ಎಲ್ಲಾ ನಿಮಗೆ ರೂಢಿ ಐತಲ್ರೀ, ವಿಜ್ಞಾನನೂ ನೀವೇ ತಗೊಳ್ಳಿ" ಎಂದರು. ಪದ್ಯದ ಚಂದ್ರನಿಗೆ ಮುಖವೊಂದಿದ್ದರೆ ಸಾಕು, ವಿಜ್ಞಾನದ ಚಂದ್ರನಿಗೆ ತೂಕವೂ ಇರುತ್ತದೆ ಎಂಬುದು ನನಗಾಗಲಿ ಅವರಿಗಾಗಲಿ ಹೊಳೆಯಲಿಲ್ಲ.

ಒಪ್ಪಿಕೊಳ್ಳಲು ನನಗೆ ಇನ್ನೊಂದು ಕಾರಣವೂ ಇತ್ತು. ನನ್ನ ಹೆಂಡತಿ ಶಾಂತಳದು ಸೊರಬ. ಹೆಣ್ಣು ನೋಡಲು ಹೋದಾಗ, ಅವರ ಮನೆಯ ಹಲಸಿನ ಹಪ್ಪಳದ ಗುಂಗಿನಲ್ಲಿ, "ವರ್ಷದೊಳಗೆ ಸೊರಬಕ್ಕೇ ವರ್ಗ ಮಾಡಿಸಿಕೊಳ್ಳುತ್ತೇನೆ" ಎಂದು ಮಾತು ಕೊಟ್ಟುಬಿಟ್ಟಿದ್ದೆ. ಮೂರು ವರ್ಷವಾಗಿತ್ತು. ಅವಳು ಜಗಳ ಮಾಡುತ್ತಿರಲಿಲ್ಲ. ಸಂಜೆ ಸೊರಬದ ಬಸ್ಸಿನ ಹಾರನ್ ಕೇಳಿದಾಗ ಅಕ್ಕಿ ಆರಿಸುವ ಕೈ ನಿಲ್ಲಿಸಿ, ಬಸ್ಸು ದಾಟಿಹೋದ ಮೇಲೆ ಮತ್ತೆ ಆರಿಸುತ್ತಿದ್ದಳು, ಅಷ್ಟೆ. ಜಗಳವನ್ನಾದರೂ ತಡೆದುಕೊಳ್ಳಬಹುದು, ಇದನ್ನು ತಡೆದುಕೊಳ್ಳುವುದು ಕಷ್ಟ. ಚಂದ್ರ ಯಾವಾಗಲೂ ಭೂಮಿಗೆ ಒಂದೇ ಮುಖ ತೋರಿಸುತ್ತಾನೆಂದು ಪುಸ್ತಕದಲ್ಲಿ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಮನೆಯಲ್ಲೂ ಒಂದು ಮುಖ ಸದಾ ಸೊರಬದ ಕಡೆಗೇ ಇತ್ತು. ಈಗ ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಅವರ ಒಳ್ಳೆಯ ಷರಾ ಬಿದ್ದರೆ ವರ್ಗದ ಅರ್ಜಿಗೆ ಕಾಲು ಬರುತ್ತದೆ, ಇಲ್ಲದಿದ್ದರೆ ಅದು ಇನ್ನೂ ಮೂರು ವರ್ಷ ಫೈಲಿನೊಳಗೆ ಮಲಗಿರುತ್ತದೆ. ಅವರು ನೋಡುವ ಪಾಠ ವಿಜ್ಞಾನದ್ದು: ಗ್ರಹಗಳು, ಚಂದ್ರ ಮತ್ತು ಗುರುತ್ವಾಕರ್ಷಣೆ.

ಶಾಲೆಯಲ್ಲಿ ಗೋಲ ಒಂದೇ ಒಂದಿತ್ತು, ಅದರಲ್ಲೂ ಆಫ್ರಿಕಾದ ಜಾಗದಲ್ಲಿ ತೂತು. ಹಾಗಾಗಿ ನಾನು ತರಕಾರಿಯ ಮೊರೆಹೊಕ್ಕೆ. ಭೂಮಿ ನಿಂಬೆಹಣ್ಣಾದರೆ ಚಂದ್ರ ಒಂದು ಕಡಲೆಕಾಳು, ಇಬ್ಬರ ನಡುವೆ ಎರಡೂವರೆ ಮೊಳ ದೂರ. ಮಂಗಳ ಒಂದು ಅಡಕೆ. ಶನಿಗೆ ಬಳೆಯಿದೆಯಲ್ಲ, ಸಿಂಬಿಯ ಮೇಲೆ ಕೂರಿಸಿದ ಗಡಿಗೆ. ಗ್ರಹಗಳಲ್ಲೆಲ್ಲ ದೊಡ್ಡವನು ಗುರು, ಭೂಮಿಯ ಹನ್ನೊಂದು ಪಟ್ಟು ಅಗಲ. ಅವನಿಗಾಗಿ ಶಿರಾಳಕೊಪ್ಪದ ಸಂತೆಗೆ ಹೋಗಿ, ಎರಡು ಕೈಯಲ್ಲಿ ತಬ್ಬಿ ಎತ್ತುವಂಥ ಕುಂಬಳಕಾಯಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಗುರುವಿನ ಮೈಮೇಲೆ ಪಟ್ಟೆಗಳಿವೆ ಎಂದು ಪುಸ್ತಕದಲ್ಲಿತ್ತು. ಕುಂಬಳಕಾಯಿಗೂ ಇದ್ದವು, ಅಡ್ಡ ಮಲಗಿಸಿದರಾಯಿತು. ಸೂರ್ಯನಿಗೆ ಮಾತ್ರ ಯಾವ ತರಕಾರಿಯೂ ಸಾಲಲಿಲ್ಲ. ಕೊನೆಗೆ ಶಾಲೆಯ ಬಯಲಿನ ಅಂಚಿಗೆ ಯಾರೋ ರೈತರು ಒಟ್ಟಿದ್ದ ಹುಲ್ಲಿನ ಬಣವೆಯನ್ನೇ ಸೂರ್ಯನೆಂದು ಘೋಷಿಸಿದೆ.

ದೂರ ಲೆಕ್ಕ ಹಾಕಿದಾಗ ನನಗೇ ತಲೆ ತಿರುಗಿತು. ಬಣವೆಯಿಂದ ನಿಂಬೆಹಣ್ಣು ಕಾಲು ಮೈಲಿಗೂ ಆಚೆ ಇರಬೇಕು. ಯುರೇನಸ್ ಹೆಚ್ಚುಕಡಿಮೆ ಅಂಜನಾಪುರದ ಹತ್ತಿರ. ಕಟ್ಟಕಡೆಯ ಪ್ಲೂಟೋ ಹನ್ನೆರಡು ಮೈಲಿ ದೂರದ ಶಿರಾಳಕೊಪ್ಪದಲ್ಲಿ, ಸಂತೆಯ ಗದ್ದಲದ ನಡುವೆ. ಈ ಸಂಗತಿಯನ್ನು ಶಾಂತಳಿಗೆ ಉತ್ಸಾಹದಿಂದ ವಿವರಿಸಿದೆ.

"ಹಂಗಾದ್ರೆ ಸೊರಬ ಎಲ್ಲಿ ಬರ್ತದೆ?" ಎಂದು ಕೇಳಿದಳು.

"ಸೊರಬ ಸೌರಮಂಡಲದ ಆಚೆ."

"ನಮ್ಮೂರನ್ನ ಅಷ್ಟು ದೂರ ಹಾಕಿದ್ದು ನೀವಾ, ದೇವ್ರಾ?" ಎಂದಳು. ಆ ದಿನದ ಸಾರಿಗೆ ಉಪ್ಪು ಇರಲಿಲ್ಲ.

ಇನ್ಸ್‌ಪೆಕ್ಟರು ಬರುವ ಹಿಂದಿನ ಸಂಜೆ ನಾನು ಜಗಲಿಯಲ್ಲಿ ಕೂತು ಒಂದೇ ಒಂದು ವಾಕ್ಯದ ಜೊತೆ ಗುದ್ದಾಡುತ್ತಿದ್ದೆ. ಚಂದ್ರ ಸದಾ ಭೂಮಿಯ ಕಡೆಗೆ ಬೀಳುತ್ತಲೇ ಇದ್ದಾನೆ, ಆದರೆ ಎಂದೂ ಬಂದು ತಾಗುವುದಿಲ್ಲ ಎಂದು ಪುಸ್ತಕ ಹೇಳುತ್ತಿತ್ತು. ಬೀಳುವವನು ತಾಗಬೇಡವೇ? ಅಟ್ಟದಿಂದ ಬಿದ್ದವನು ನೆಲ ಮುಟ್ಟದೆ ಮನೆಯನ್ನು ಸುತ್ತುತ್ತಿದ್ದರೆ ನಾವು ನಂಬುತ್ತೇವೆಯೇ? ಮುಂದಕ್ಕೆ ಓಡುವ ವೇಗ ಒಂದು ಕಡೆ, ಭೂಮಿಯ ಸೆಳೆತ ಇನ್ನೊಂದು ಕಡೆ, ಎರಡೂ ಸೇರಿ ಸುತ್ತು ಎಂದು ಪುಸ್ತಕ ಸಮಾಧಾನ ಹೇಳುತ್ತಿತ್ತು. ನಾನು ಕಣ್ಣು ಮುಚ್ಚಿ ಚಂದ್ರನ ಜೊತೆ ಬೀಳುವ ಅಭ್ಯಾಸ ಮಾಡುತ್ತಿದ್ದೆ. ನಡುವೆ ಹೆಡ್‌ಮಾಸ್ಟರ ಮನೆಯಿಂದ ಯಾರೋ ಬಂದು ಏನೋ ಹೇಳಿಹೋದರು. ಶಾಂತ ಒಳಗಿನಿಂದ ಏನೋ ಕೇಳಿದಳು, ಹೂಂ ಎಂದೆ. ಹತ್ತಿರ ಬಂದು ಮತ್ತೇನೋ ಕೇಳಿದಳು, ಅದಕ್ಕೂ ಹೂಂ ಎಂದೆ. ಕೈಗೆ ಏನೋ ಕೊಟ್ಟಳು, ಗಂಡನಾದವನು ಮಾಡಬೇಕಾದದ್ದನ್ನು ಮಾಡಿ ವಾಪಸು ಕೊಟ್ಟು ಮತ್ತೆ ಬೀಳತೊಡಗಿದೆ.

ಮರುದಿನ ಬೆಳಿಗ್ಗೆ ಶಾಲೆಯ ಜವಾನ ಹನುಮಂತಪ್ಪ, ನನಗಿಂತ ಇಪ್ಪತ್ತು ವರ್ಷ ಹಿರಿಯ, ಬಂದು ಜಗಲಿಯ ಮೂಲೆಯಲ್ಲಿದ್ದ ಗ್ರಹಗಳನ್ನು ಗೋಣಿಚೀಲಕ್ಕೆ ತುಂಬಿ ಶಾಲೆಗೆ ಹೊತ್ತೊಯ್ದ. ಬಯಲಿನಲ್ಲಿ ಚೀಲ ಬಿಚ್ಚಿ ನೋಡುತ್ತೇನೆ, ಬುಧನಿದ್ದಾನೆ, ಶುಕ್ರನಿದ್ದಾನೆ, ಶನಿಯ ಗಡಿಗೆ ಒಂದಿಷ್ಟು ಬಾಯಿ ಒಡೆದುಕೊಂಡಾದರೂ ಬಂದಿದೆ. ಗುರು ಇಲ್ಲ. ಅಡಕೆ ಕಳೆದುಹೋದರೆ ಅರ್ಥವಾಗುತ್ತದೆ. ತಬ್ಬಿ ಎತ್ತುವಂಥ ಗ್ರಹ ಎಲ್ಲಿಗೆ ಹೋಗುತ್ತದೆ? ನನಗೆ ರೇಗಿತು. "ದಾರಿಯಲ್ಲಿ ಯಾರ ಮನೆಗೆ ಕೊಟ್ಟು ಬಂದೆ, ಹನುಮಂತಪ್ಪ?" ಎಂದು ಕೇಳಿಯೇಬಿಟ್ಟೆ.

ಅವನು ಚೀಲವನ್ನು ನಿಧಾನವಾಗಿ ಮಡಿಚಿದ. "ನಮ್ಮ ಹಿತ್ಲಾಗೆ ದನ ಮೂಸಂಗಿಲ್ರೀ ಮೇಷ್ಟ್ರೆ, ಅಷ್ಟು ಕುಂಬ್ಳಕಾಯಿ ಬಿದ್ದಾವು. ನಿಮ್ದೊಂದು ಒಯ್ದು ನಾ ಏನ್ ಮಾಡ್ಲಿ? ತಡೀರಿ, ಓಡಿ ಹೋಗಿ ಒಂದು ತರ್ತೀನಿ." ಆದರೆ ಅಷ್ಟರಲ್ಲಿ ಇನ್ಸ್‌ಪೆಕ್ಟರ ಜೀಪು ಗೇಟಿನೊಳಗೆ ಬಂದಾಗಿತ್ತು.

ಪಾಠ ಮೊದಮೊದಲು ಚೆನ್ನಾಗಿಯೇ ಸಾಗಿತು. ಹಕ್ಕಿ ಓಡಿಸುವ ಕವಣೆಯನ್ನು ಬೀಸಿ, ಕೈಯ ಎಳೆತವೇ ಭೂಮಿಯ ಸೆಳೆತ, ಕಲ್ಲೇ ಚಂದ್ರ ಎಂದು ತೋರಿಸಿದೆ. ಕಲ್ಲು ಕೈತಪ್ಪಲಿಲ್ಲ, ಅದು ದೇವರ ದಯೆ. ಆಮೇಲೆ ಮಕ್ಕಳು ಒಂದೊಂದು ಗ್ರಹ ಹಿಡಿದುಕೊಂಡು ಬಣವೆಯನ್ನು ಸುತ್ತತೊಡಗಿದರು. ಒಂದು ಸುತ್ತು ಮುಗಿಯುವುದರೊಳಗೆ ಚಂದ್ರನನ್ನು ಹಿಡಿದಿದ್ದ ಹುಡುಗಿಯ ಕೈ ಖಾಲಿ, ಬಾಯಿ ಮಾತ್ರ ಆಡುತ್ತಿದೆ. "ಚಂದ್ರ ಎಲ್ಲಮ್ಮ?" ಎಂದೆ. ಅವಳು ಕಡಲೆ ನುಂಗಿ, "ಗ್ರಹಣ ಆತ್ರಿ ಸಾರ್" ಎಂದಳು. ಇನ್ಸ್‌ಪೆಕ್ಟರು ಹೊಟ್ಟೆ ಕುಲುಕುವಂತೆ ನಕ್ಕರು. ನನಗೆ ಧೈರ್ಯ ಬಂತು. ಕೆಟ್ಟದ್ದೆಲ್ಲ ನನಗೆ ಧೈರ್ಯ ಬಂದಾಗಲೇ ಆಗುತ್ತದೆ.

"ಒಂಬತ್ತು ಗ್ರಹ ಅಂದ್ರಿ, ನಾನು ಎಣಿಸಿದ್ದು ಎಂಟು" ಎಂದರು ಇನ್ಸ್‌ಪೆಕ್ಟರು. "ಗುರು ಎಲ್ರೀ ಮೇಷ್ಟ್ರೇ?"

"ಸಾರ್, ಗುರು ಈಗ ಅಸ್ತ" ಎಂದೆ. "ಸೂರ್ಯನ ಆಚೆ ಬದಿಗೆ ಹೋಗಿದ್ದಾನೆ. ಬಣವೆ ಅಡ್ಡ ಇರೋದ್ರಿಂದ ನಮಗೆ ಕಾಣೋದಿಲ್ಲ."

ಇದು ಸುಳ್ಳಾದರೂ ಶಾಸ್ತ್ರೀಯವಾದ ಸುಳ್ಳು. ಗುರು ಸೂರ್ಯನ ದಿಕ್ಕಿಗೆ ಸರಿದಾಗ ಆ ಬೆಳಕಿನಲ್ಲಿ ಕೆಲವು ವಾರ ಕಣ್ಣಿಗೆ ಬೀಳುವುದಿಲ್ಲ. ಪಂಚಾಂಗದವರು ಇದನ್ನೇ ಗುರು ಅಸ್ತ ಎನ್ನುತ್ತಾರೆ. ಹಳೆಯದನ್ನೂ ಹೊಸದನ್ನೂ ಎಷ್ಟು ಚೆನ್ನಾಗಿ ಬೆಸೆದೆನೆಂದು ನಾನು ಮೀಸೆಯಲ್ಲೇ ನಗುತ್ತಿದ್ದೆ. ಗುರು ಅಸ್ತವಾದಾಗ ನಮ್ಮಲ್ಲಿ ಯಾರೂ ಮದುವೆ ಮಾಡುವುದಿಲ್ಲ ಎಂಬುದು ಮಾತ್ರ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಇನ್ಸ್‌ಪೆಕ್ಟರ ಮುಖ ಬಾಡಿತು.

"ಯಾವತ್ತಿಂದ ಅಸ್ತ?"

"ನಿನ್ನೆ ಸಂಜೆವರೆಗೆ ಇದ್ದ ಸಾರ್. ನಾನೇ ಕಣ್ಣಾರೆ ನೋಡಿದ್ದೆ."

"ಮತ್ತೆ ಉದಯ ಯಾವಾಗ?"

"ಈಗಲೇ ಹೇಳೋಕಾಗೋದಿಲ್ಲ ಸಾರ್. ಹುಡುಕಬೇಕು."

ಅವರು ಹೆಡ್‌ಮಾಸ್ಟರ ಹೆಗಲು ಹಿಡಿದುಕೊಂಡರು. "ಇನ್ನು ಇಪ್ಪತ್ತು ದಿನಕ್ಕೆ ನನ್ನ ಮಗಳ ಮದುವೆ ಕಣ್ರೀ. ಲಗ್ನಪತ್ರಿಕೆ ಹಂಚಿ ಆಗಿದೆ. ಆ ಜೋಯಿಸ ಒಂದು ಮಾತೂ ಹೇಳಲಿಲ್ಲವಲ್ಲ." ಹೆಡ್‌ಮಾಸ್ಟರು ಸಮಾಧಾನ ಮಾಡುವ ಬದಲು, "ಈಗಿನ ಜೋಯಿಸರನ್ನ ನಂಬಂಗಿಲ್ಲ ಬಿಡ್ರಿ. ನಮ್ಮ ಮೇಷ್ಟ್ರು ವಿಜ್ಞಾನದಿಂದ ಹೇಳ್ಯಾರ" ಎಂದರು. ಇನ್ಸ್‌ಪೆಕ್ಟರು ಆಫೀಸಿನಲ್ಲಿ ಕೂತು, ಮದುವೆ ಮುಂದೂಡಿ ಎಂದು ಮನೆಗೆ ಟೆಲಿಗ್ರಾಂ ಬರೆದು ಜೇಬಿನಲ್ಲಿಟ್ಟುಕೊಂಡರು. ಊಟ ಮುಗಿಸಿ ಅಂಚೆ ಕಚೇರಿಗೆ ಹೋಗುವುದೆಂದಾಯಿತು. "ಊಟ ನಿಮ್ಮ ಮನ್ಯಾಗೇ ಅಲ್ಲೇನ್ರೀ? ನಿನ್ನೆ ಸಂಜೀನೇ ಹೇಳಿ ಕಳ್ಸಿದ್ನಲ್ಲ" ಎಂದು ಹೆಡ್‌ಮಾಸ್ಟರು ನನ್ನನ್ನು ಕೇಳಿದಾಗಲೇ ನನಗೂ ಅದು ತಿಳಿದದ್ದು.

ಆ ಕಾಲು ಮೈಲಿ ದಾರಿಯಲ್ಲಿ ನಾನು ಪಟ್ಟ ಪಾಡು ಹೇಳತೀರದು. ಒಂದು ಕಡೆ ಮುರಿದುಹೋಗಲಿರುವ ಒಂದು ಹುಡುಗಿಯ ಮದುವೆ, ಇನ್ನೊಂದು ಕಡೆ ಶಾಂತಳ ಸೊರಬ. ನಿಜ ಹೇಳಿದರೆ ಷರಾ ಹೋಗುತ್ತದೆ, ಹೇಳದಿದ್ದರೆ ಮದುವೆ ಹೋಗುತ್ತದೆ. ಎರಡೂ ಕಡೆಯಿಂದ ಸೆಳೆತವಿದ್ದಾಗ ವಸ್ತು ಬೀಳದೆ ಸುತ್ತುತ್ತದೆ ಎಂಬ ಪುಸ್ತಕದ ಮಾತು ಆಗ ಚೆನ್ನಾಗಿ ಅರ್ಥವಾಯಿತು. ತಲೆ ಒಂದೇ ಸಮ ಸುತ್ತುತ್ತಿತ್ತು. ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಹೊರಬಂದದ್ದು ಕೆಮ್ಮು. ನಾನು ಹೇಡಿ ಎಂದು ನನಗೆ ಅನುಮಾನವಿತ್ತು, ಆ ದಿನ ಖಾತ್ರಿಯಾಯಿತು.

ಮನೆಯಲ್ಲಿ ಎಲೆ ಹಾಕಿದ್ದಾಯಿತು. ಇನ್ಸ್‌ಪೆಕ್ಟರು ಅನ್ನ ಕಲಸದೆ ಎಲೆಯನ್ನೇ ನೋಡುತ್ತ ಕೂತರು. ಶಾಂತ ಹುಳಿಯ ಪಾತ್ರೆ ತಂದಳು. "ಎಂತಕ್ಕೆ ಊಟನೇ ಮಾಡ್ತಿಲ್ಲ ನೀವು? ಹುಳಿ ಹಾಕ್ತೀನಿ, ನೋಡಿ. ಮನೇಲಿ ಬೇರೆ ತರಕಾರಿ ಇರಲಿಲ್ಲ. ಪಾಠಕ್ಕೆ ಅಂತ ಇವರು ತಂದಿಟ್ಟಿದ್ದ ಕುಂಬಳಕಾಯಿನೇ ಮಾಡಿದೆ."

ನಾನು ನೀರು ಕುಡಿಯುತ್ತಿದ್ದೆ. ಕುಡಿದದ್ದರಲ್ಲಿ ಅರ್ಧ ಹೊರಗೆ ಬಂತು. "ಅದನ್ನು ಯಾರು ಹೆಚ್ಚಿದ್ದು?" ಎಂದು ಕೂಗಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಇಡೀ ಕುಂಬಳಕಾಯಿಗೆ ಹೆಂಗಸರು ಎಲ್ಲಾದ್ರೂ ಮೊದಲ ಕತ್ತಿ ಹಾಕ್ತಾರಾ? ನಿನ್ನೆ ನಿಮ್ಮ ಕೈಗೇ ಕೊಟ್ಟೆ, ನೀವೇ ಎರಡು ಹೋಳು ಮಾಡಿಕೊಟ್ರಿ. ಸಾಹೇಬರ ಊಟಕ್ಕೆ ಇದನ್ನೇ ಮಾಡ್ಲಾ ಅಂದೆ, ಹೂಂ ಅಂದ್ರಿ. ಪಾಠಕ್ಕೆ ಬೇರೆದು ತರ್ತೀರಾ ಅಂದೆ, ಅದಕ್ಕೂ ಹೂಂ ಅಂದ್ರಿ."

ಅವಳು ಹೇಳಿದ್ದು ಸರಿ. ಕುಂಬಳಕಾಯಿಗೆ ಮೊದಲ ಕತ್ತಿ ಮನೆಯ ಗಂಡಸಿನದೇ. ನಮ್ಮಮ್ಮನೂ ಹಾಗೇ ಕಾಯಿ, ಕತ್ತಿ ಎರಡನ್ನೂ ಅಪ್ಪನ ಮುಂದೆ ತಂದಿಡುತ್ತಿದ್ದಳು. ಮುಂಜಾನೆಯಿಂದ ಹನುಮಂತಪ್ಪನನ್ನೂ ಅವನ ಹಾದಿಯ ಅಷ್ಟೂ ಮನೆಗಳನ್ನೂ ಮನಸ್ಸಿನಲ್ಲೇ ಶೋಧ ಮಾಡಿದ್ದೆ. ಗ್ರಹವನ್ನು ನಡುವೆ ಸೀಳಿದವನು ನಾನೇ, ಅದೂ ಚಂದ್ರ ಯಾಕೆ ಬೀಳುವುದಿಲ್ಲವೆಂದು ಚಿಂತಿಸುತ್ತ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ಸಾರ್," ಎಂದೆ, "ಗುರು ಅಸ್ತ ಆಗಿಲ್ಲ."

"ಮತ್ತೆ ಎಲ್ಲಿದ್ದಾನೆ?"

"ನಿಮ್ಮ ಎಲೆ ಮೇಲೆ."

ಅವರಿಗೆ ಇಡೀ ಕಥೆ ತಿಳಿಯಲು ಐದು ನಿಮಿಷ ಹಿಡಿಯಿತು. ಎಲ್ಲ ಕೇಳಿ, ಎಡಗೈಯಿಂದ ಜೇಬಿನ ಟೆಲಿಗ್ರಾಂ ತೆಗೆದು ನನ್ನ ಮಡಿಲಿಗೆ ಹಾಕಿದರು. "ಹರಿದುಹಾಕಿ" ಎಂದರು. ಆಮೇಲೆ ಶಾಂತಳ ಕಡೆ ತಿರುಗಿ, "ಇನ್ನೊಂದು ಸೌಟು ಹಾಕಮ್ಮ" ಎಂದರು. ಮೂರು ಸಲ ಹಾಕಿಸಿಕೊಂಡರು. ಕೈ ತೊಳೆಯುವಾಗ, "ನಿನ್ನ ತವರು ಯಾವೂರು?" ಎಂದು ಅವಳನ್ನು ಕೇಳಿದರು. ಸೊರಬ ಎಂದಳು. "ಇವರ ಲೆಕ್ಕದಲ್ಲಿ ಸೌರಮಂಡಲದ ಆಚೆ" ಎಂದೂ ಸೇರಿಸಿದಳು. ಅದನ್ನು ಅವಳು ಇನ್ನೂ ಮರೆತಿರಲಿಲ್ಲ. ಸಾಹೇಬರು ಏನೋ ಯೋಚಿಸುತ್ತ ಹೋದರು. ಅವರ ಷರಾವನ್ನು ಹೆಡ್‌ಮಾಸ್ಟರು ಆಮೇಲೆ ನನಗೆ ಓದಿ ಹೇಳಿದರು: ಈ ಉಪಾಧ್ಯಾಯರು ಕನ್ನಡವನ್ನು ಮಾತ್ರ ಬೋಧಿಸತಕ್ಕದ್ದು, ಇವರನ್ನು ಗ್ರಹಗಳಿಂದ ಸಾಕಷ್ಟು ದೂರವಿರುವ ಸ್ಥಳಕ್ಕೆ, ಉದಾಹರಣೆಗೆ ಸೊರಬಕ್ಕೆ, ವರ್ಗಾಯಿಸುವುದು ಎಲ್ಲರಿಗೂ ಕ್ಷೇಮ.

ಎರಡು ತಿಂಗಳಲ್ಲಿ ಆರ್ಡರು ಬಂತು. ಹೊರಡುವ ದಿನ ಹನುಮಂತಪ್ಪ ತನ್ನ ಹಿತ್ತಲಿನ ಒಂದು ಕುಂಬಳಕಾಯಿಯನ್ನು ಬಸ್ಸಿನವರೆಗೆ ಹೊತ್ತು ತಂದು ನನ್ನ ತೊಡೆಯ ಮೇಲಿಟ್ಟ. ಅವನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಶಾಂತ ಕಿಟಕಿಯ ಹತ್ತಿರ ಕೂತಿದ್ದಳು. ಬಸ್ಸು ಶಿರಾಳಕೊಪ್ಪ ದಾಟಿದ್ದೇ ತಡ, ನನ್ನ ಕಡೆ ತಿರುಗಿ, "ಪ್ಲೂಟೋ ಹೋಯ್ತಲ್ದಾ?" ಎಂದು ನಕ್ಕಳು. ಮೂರು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಒಂದು ಪದ್ಧತಿಯಾಯಿತು. ಕುಂಬಳಕಾಯಿಯನ್ನು ಮುಂದಿಟ್ಟಾಗ ಶಾಂತ, "ಇದು ತರಕಾರಿಯಾ, ಗ್ರಹವಾ?" ಎಂದು ಮೊದಲು ಕೇಳುತ್ತಾಳೆ, ನಾನು ಉತ್ತರ ಹೇಳಿದ ಮೇಲೆಯೇ ಕತ್ತಿ ಕೊಡುತ್ತಾಳೆ. ಮೊನ್ನೆ ಪೇಪರು ಓದುತ್ತಿದ್ದೆ. ರಷ್ಯಾದವರು ಈ ಸಲ ಚಂದ್ರನಿಗೇ ಗುರಿಯಿಟ್ಟು ಹೊಡೆದಿದ್ದಾರಂತೆ. ಅವಳು ಏನೋ ಕೇಳಿದಳು, ಹೂಂ ಎಂದೆ, ಕೈಗೆ ಬಂದದ್ದನ್ನು ಎರಡು ಹೋಳು ಮಾಡಿಕೊಟ್ಟೆ. ಸಂಜೆ ಮಾವನವರು ಬಂದು, ಬೀಜಕ್ಕೆಂದು ವರ್ಷದಿಂದ ಜೋಪಾನ ಮಾಡಿ ನಮ್ಮ ಅಟ್ಟದ ಮೇಲಿಟ್ಟಿದ್ದ ಕುಂಬಳಕಾಯಿ ಕಾಣುತ್ತಿಲ್ಲವಲ್ಲ, ಯಾರು ಒಯ್ದಿರಬಹುದು ಅಳಿಯಂದಿರೇ ಎಂದು ಕೇಳಿದರು. ಅಸ್ತವಾಗಿರಬೇಕು ಎನ್ನಲು ಬಾಯಿ ತೆರೆದೆ. ಬಾಗಿಲ ಬಳಿ ಶಾಂತ ಸೌಟು ಹಿಡಿದು ನಿಂತಿದ್ದಳು. ಹೆಗಲ ಮೇಲಿನ ಟವೆಲನ್ನು ಸರಿಮಾಡಿಕೊಂಡು, "ಮಾವ, ಊಟಕ್ಕೆ ಏಳಿ" ಎಂದೆ.