ಅಮಾವಾಸ್ಯೆ ದಿನದ ಗೋಲಿಬಾರ್

ಸಿನಿಮಾದೋರಿಗೆ ಜನ ಸೇರಿಸಿಕೊಡೋ ಕೆಲಸಕ್ಕೆ ಕೈ ಹಾಕಿದ ಮೇಲೆ ನನಗೆ ನೆಮ್ಮದಿ ಅನ್ನೋದೇ ಇಲ್ಲ. ಹಾಸನದ ಸುತ್ತ ಎಲ್ಲಿ ಕ್ಯಾಮೆರಾ ಇಟ್ಟರೂ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತೆ, ಬೈಗುಳ ಮಾತ್ರ ನನ್ನ ಪಾಲಿಗೆ. ಮೊನ್ನೆ ಮೊಸಳೆ ಅನ್ನೋ ಊರಿನ ಹತ್ತಿರ ನಡೆದ ಶೂಟಿಂಗಂತೂ ನನ್ನ ಬಿಪಿ ಏರಿಸಿಬಿಟ್ಟಿತು. ಸ್ವಾತಂತ್ರ್ಯ ಕೇಳುತ್ತಾ ಬರಿಗೈಯಲ್ಲಿ, ಶಾಂತವಾಗಿ ಮೆರವಣಿಗೆ ಹೊರಟ ಹಳ್ಳಿ ಜನರ ಮೇಲೆ ಗುಂಡು ಹಾರಿದ ಕತೆ ಅದು. ಡೈರೆಕ್ಟರು ಬೆಳಗ್ಗೆಯೇ ಹೇಳಿಬಿಟ್ಟರು: "ಸಂಜೆಯೊಳಗೆ ಗೋಲಿಬಾರ್ ಮುಗೀಲಿಲ್ಲ ಅಂದ್ರೆ ನಾಳೆಯಿಂದ ನೀವು ಬರೋದೇ ಬೇಡ."

ಮೌನ ಮೆರವಣಿಗೆ

"ಯಾರೂ ಮಾತಾಡಬೇಡಿ, ಮುಖದಲ್ಲಿ ಗಾಂಭೀರ್ಯ ಇರಲಿ" ಅಂತ ಗಂಟಲು ಹರಿದುಕೊಂಡೆ. ಎಲ್ಲರೂ ತಲೆಯಾಡಿಸಿದರು. ಕ್ಯಾಮೆರಾ ಓಡಿದ್ದೇ ತಡ, ಹೊಳೆನರಸೀಪುರದ ಕಡೆಯ ಯಜಮಾನರೊಬ್ಬರು ಪಕ್ಕದ ಚನ್ನರಾಯಪಟ್ಟಣದವರನ್ನ ಕೇಳಿದರು: "ನಿಮ್ಮ ಹುಡುಗಿಗೆ ಎಲ್ಲಾದ್ರೂ ಗಂಡು ಗೊತ್ತಾಯ್ತಾ?"

"ಇಲ್ಲ ಕಣಣ್ಣಾ. ನಿಮ್ಮ ಕಡೆ ಯಾರಾದ್ರೂ ಅವ್ರಾ?"

ಡೈರೆಕ್ಟರು ಮೈಕಿನಲ್ಲೇ ಕಿರುಚಿದರು: "ಯಜಮಾನ್ರೇ, ನೀವು ಸ್ವಾತಂತ್ರ್ಯ ಕೇಳೋಕೆ ಹೊರಟಿದ್ದೀರೋ, ಹೆಣ್ಣು ಕೇಳೋಕೋ?"

"ಎರಡನ್ನೂ ಸಮಾಧಾನವಾಗೇ ಕೇಳ್ಬೇಕು ಸಾ" ಅಂದರು ಅವರು.

ಅಳಿಯನ ಲಾಠಿ

ಮಧ್ಯಾಹ್ನ ಲಾಠಿಚಾರ್ಜು. ಪೊಲೀಸ್ ವೇಷದ ಯುವಕನೊಬ್ಬ ಲಾಠಿ ಎತ್ತಿದವನು ಎತ್ತಿಕೊಂಡೇ ನಿಂತ.

"ಹೊಡಿಯಪ್ಪಾ!" ಅಂದೆ.

"ಎಂಗ್ ವಡೀಲಿ ಸಾ? ಇವ್ರು ನಮ್ಮಾವ. ಮನೇಲಿ ಅವ್ಳು ನನ್ನ ಬುಟ್ಟಾಳಾ?"

ಮಾವನೇ ಧೈರ್ಯ ಹೇಳಿದರು: "ವಡೀರಿ ಅಳಿಯಂದ್ರೇ, ನಾನೇನೂ ಅನ್ಕೊಳಲ್ಲ."

ಆತ ಲಾಠಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಮಾವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಹೊಡೆದ. ಅಷ್ಟೂ ಕ್ಯಾಮೆರಾದಲ್ಲಿ ಬಂತು!

ಸಾಯೋರು ಬೇಕಾಗಿದ್ದಾರೆ

ಹೊತ್ತು ಇಳೀತಾ ಇತ್ತು. ಗುಂಡೇಟು ತಿಂದು ಬೀಳೋಕೆ ಒಬ್ಬರೂ ತಯಾರಿಲ್ಲ. "ಇವತ್ತು ಅಮಾವಾಸೆ ಸಾ. ನಾಳೀಕೆ ಬೇಕಾದ್ರೆ ಎಲ್ರೂ ಸಾಯ್ತೀವಿ" ಅಂದರು. ನಾಳೆ ಹೊತ್ತಿಗೆ ನನ್ನ ಕೆಲಸವೇ ಇರಲ್ಲವಲ್ಲ! ಕೈ ಮುಗಿದು ಗೋಗರೆದೆ. ಕೊನೆಗೆ ಮಲ್ಲಿಪಟ್ಟಣದ ರೈತನೊಬ್ಬ "ನಾನ್ ಸಾಯ್ತೀನಿ ಬುಡಿ" ಅಂತ ಮುಂದೆ ಬಂದ. ಗುಂಪಿನಲ್ಲಿದ್ದ ಅವನ ಹೆಂಡತಿ ಗಂಡನನ್ನ ದುರುಗುಟ್ಟಿ ನೋಡಿದಳು.

ರಕ್ತದ ಬಣ್ಣ ತುಂಬಿದ ಅಂಗಿ ಇದ್ದದ್ದೇ ಒಂದು. ಕೆಟ್ಟರೆ ಇನ್ನೊಂದಿಲ್ಲ. ಗುಂಡಿನ ಸದ್ದಾದ ಕೂಡಲೇ ಹೆಂಗಸರೆಲ್ಲ ದಿಕ್ಕಾಪಾಲಾಗಿ ಓಡಬೇಕು ಅಂತ ಹೇಳಿಕೊಟ್ಟಿದ್ದೆ. ಸದ್ದಾಯಿತು, ರೈತ ಬಿದ್ದ. ಆದರೆ ಹೆಣ ಬಿದ್ದ ಕಡೆಯಿಂದ ನಮ್ಮ ಹೆಂಗಸರು ಎಲ್ಲಾದರೂ ಓಡುತ್ತಾರಾ? ಸುತ್ತ ಕೂತುಬಿಟ್ಟರು! ಹೆಂಡತಿ ಎದೆ ಬಡಿದುಕೊಂಡು ಹಾಡಿ ಹಾಡಿ ಅಳೋಕೆ ಶುರುಮಾಡಿದಳು:

"ಅಯ್ಯೋ ನನ್ನ ದೊರೆಯೇ! ಬಂಗಾರದಂತ ಮನ್ಸ ಕಣ್ರವ್ವಾ! ನಾನು ಉಪ್ಪಿಲ್ದೆ ಸಾರು ಕಾಯ್ಸಿದ್ರೂ ಕಮಕ್ ಕಿಮಕ್ ಅನ್ನದೆ ಉಂಡೋನು ಕಣ್ರವ್ವಾ!"

ನನ್ನ ಕತೆ ಮುಗೀತು ಅಂತ ಡೈರೆಕ್ಟರ ಕಡೆ ತಿರುಗಿದರೆ, ಅವರ ಕಣ್ಣಲ್ಲೂ ನೀರು. "ಕಟ್! ಓಕೆ!" ಅಂದರು. ನನಗೆ ಹೋದ ಜೀವ ಬಂತು.

ಆದರೆ ಹೆಂಡತಿ ಅಳು ನಿಲ್ಲಿಸಲಿಲ್ಲ, ಗಂಡ ಮೇಲೇಳಲಿಲ್ಲ. ಗಾಬರಿಯಾಗಿ ಓಡಿಹೋಗಿ ಭುಜ ಅಲುಗಾಡಿಸಿದೆ: "ಏಳಪ್ಪಾ, ಮುಗೀತು!"

ಹೆಣ ಒಂದು ಕಣ್ಣು ಬಿಟ್ಟು ಪಿಸುಗುಟ್ಟಿತು: "ವಸಿ ಸುಮ್ಕಿರಿ ಸಾ. ಮದ್ವೆ ಆದಾಗ್ನಿಂದ ಇವ್ಳ ಬಾಯಲ್ಲಿ ಒಂದ್ ಒಳ್ಳೇ ಮಾತು ಕೇಳಿರ್ನಿಲ್ಲ. ಅವ್ಳು ಪೂರ್ತಿ ಯೋಳ್ಲಿ."